ಸಂಧಾನವೂ ಬಾಯಿಬಂಧನವೂ

ಕೃಷ್ಣಾ ಘಟಪ್ರಭಾ ನದಿಗಳ ನೀರುಂಡು ಕಬ್ಬು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಹುಳಿಯುವಿಕೆಯು ಗೃಹಸ್ಥರಿಗೆ ಹೊಸ ವಿಷಯವೇನೂ ಅಲ್ಲ. ಗಾಣದಿಂದ ತಂದಿಟ್ಟ ಕಬ್ಬಿನ ಹಾಲು ಬೇಸಗೆಯ ಮಧ್ಯಾಹ್ನಕ್ಕೆ ನೊರೆಯೆದ್ದು ವಾಸನೆ ತಿರುಗುವದನ್ನೂ, ರಾತ್ರಿ ಕಾಸಿಟ್ಟ ಜೋಳದ ಅಂಬಲಿಯು ಬೆಳಗಾಗುವದರೊಳಗೆ ಹುಳಿಯೇರುವದನ್ನೂ ನೋಡದವರು ವಿರಳ. ಪರದೇಶಗಳಲ್ಲಿ ಗೃಹಸ್ಥರು ಮನೆಯಲ್ಲಿಯೇ ಬಿಯರನ್ನು ಹುಳಿಸಿ, ತಗಡಿನ ಡಬ್ಬಿಗಳಲ್ಲಿ ತುಂಬಿ, ಕೈಯಂತ್ರದಿಂದ ಬಾಯಿ ಬಂಧಿಸಿ ಇಡುತ್ತಾರೆಂಬ ವಾರ್ತೆಯು ಈಗ ನಮ್ಮ ತರುಣರ ಕಿವಿಗೂ ಬಿದ್ದಿದೆ. “ಹಾಗಾದರೆ ನಮ್ಮ ಕಬ್ಬಿನ ಹಾಲನ್ನು ಹೀಗೆಯೇ ಮುಚ್ಚಿಡಬಾರದೇಕೆ?” ಎಂದು ಅವರು ಕೇಳುವದುಂಟು. ಮದ್ಯಪಾನಕ್ಕೆ ಪ್ರೋತ್ಸಾಹ ಕೊಡುವ ಉದ್ದೇಶ ನಮಗಿಲ್ಲ. ಆದರೆ ಹುಳಿಯುವ ದ್ರವದ ಬಾಯನ್ನು ಯಾವಾಗ ಕಟ್ಟಬೇಕು, ಯಾವಾಗ ಕಟ್ಟಲಾಗದು ಎಂಬ ಜ್ಞಾನವು ಕುಡಿಯದವರ ಮನೆಗೂ ಅವಶ್ಯವಾದದ್ದು. ಏಕೆಂದರೆ ಇಲ್ಲಿ ತಪ್ಪಿದರೆ ಕೆಡುವದು ಪಾನವೊಂದೇ ಆಗಿರದೆ, ಕೈ ಕಣ್ಣುಗಳಿಗೂ ಅಪಾಯವುಂಟು.

ಮೊದಲು ಹುಳಿಯುವಿಕೆಯ ಮರ್ಮವನ್ನು ತಿಳಿಯೋಣ. ಕಬ್ಬಿನ ಸಿಪ್ಪೆ, ಹಣ್ಣಿನ ತೊಗಲು, ಹೂವಿನ ಮಧು, ಗಾಣದ ಉರುಳೆ, ಎಲ್ಲೆಡೆಯೂ ಯೀಸ್ಟ್ ಎಂಬ ಸೂಕ್ಷ್ಮ ಜೀವಿಗಳು ವಾಸವಾಗಿರುವವು. ಸಿಹಿಯಾದ ದ್ರವದಲ್ಲಿ ಅವು ಸಕ್ಕರೆಯನ್ನು ತಿಂದು ಎರಡು ಪದಾರ್ಥಗಳನ್ನು ಹೊರಗೆಡಹುತ್ತವೆ: ಒಂದು ಮದ್ಯಸಾರ, ಇನ್ನೊಂದು ಇಂಗಾಲಾಮ್ಲ ಅನಿಲ. ತೂಕದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. ಮದ್ಯಸಾರವು ದ್ರವದಲ್ಲಿಯೇ ಉಳಿಯುವದು. ಅನಿಲವು ಮಾತ್ರ ಹೊರಹೋಗಲು ದಾರಿ ಹುಡುಕುವದು. ಒಂದು ಲೀಟರ್ ದ್ರವದಲ್ಲಿ ಕೇವಲ 10 ಗ್ರಾಂ ಸಕ್ಕರೆಯು ಪೂರ್ಣವಾಗಿ ಹುಳಿತರೆ ಎರಡೂವರೆ ಲೀಟರಿಗೂ ಮಿಕ್ಕಿದ ಅನಿಲವು ಹುಟ್ಟುವದು. ಬಾಯಿ ತೆರೆದಿದ್ದರೆ ಅದು ಗಾಳಿಯಲ್ಲಿ ಲೀನವಾಗುವದು. ಕಟ್ಟಿದ್ದರೆ ಪಾತ್ರೆಯ ಗೋಡೆಯನ್ನು ಒತ್ತುವದು.

ಈ ಸಂಗತಿಯನ್ನು ನಮ್ಮ ಪೂರ್ವಜರು ಅನುಭವದಿಂದ ಅರಿತಿದ್ದರು. ಆಯುರ್ವೇದದಲ್ಲಿ ಈ ಕ್ರಿಯೆಗೆ ಸಂಧಾನವೆಂದು ಹೆಸರು. ಮೂಲಿಕೆಗಳನ್ನು ಕಷಾಯ ಮಾಡಿ ಹುಳಿಸಿದರೆ ಅರಿಷ್ಟ, ಕುದಿಸದೆ ಹುಳಿಸಿದರೆ ಆಸವ, ಎಂದು ಶಾರ್ಙ್ಗಧರ ಸಂಹಿತೆಯು ಭೇದವನ್ನು ಹೇಳುತ್ತದೆ. ಪ್ರಮಾಣವನ್ನು ಬೇರೆಯಾಗಿ ಹೇಳದಿದ್ದ ಕಡೆ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧದಷ್ಟು ಜೇನು, ಹತ್ತನೆಯ ಒಂದು ಪಾಲು ಚೂರ್ಣ ಎಂಬ ನಿಯಮವೂ ಅಲ್ಲಿದೆ. ತುಪ್ಪ ಸವರಿ ಧೂಪ ಕೊಟ್ಟ ಮಣ್ಣಿನ ಗಡಿಗೆಯಲ್ಲಿ ದ್ರವವನ್ನು ಕಂಠದವರೆಗೆ ತುಂಬದೆ ಸ್ವಲ್ಪ ಅವಕಾಶವಿಟ್ಟು, ಧಾತಕಿಯ ಹೂಗಳನ್ನು ಹಾಕಿ, ಮಣ್ಣು ಮೆತ್ತಿದ ಬಟ್ಟೆಯಿಂದ ಬಾಯಿ ಕಟ್ಟುವರು. ಯೀಸ್ಟ್ ಬರುವದು ಬಹುಮಟ್ಟಿಗೆ ಆ ಹೂಗಳಿಂದಲೇ. ಗಡಿಗೆಯ ಮಣ್ಣೂ ಮೆತ್ತಿದ ಮಣ್ಣೂ ಸೂಕ್ಷ್ಮರಂಧ್ರಗಳುಳ್ಳವಾದ್ದರಿಂದ ಅನಿಲವು ಮೆಲ್ಲಗೆ ಸೋರಿಹೋಗುವದು. ಕಟ್ಟಿದಂತೆಯೂ ಇರಬೇಕು, ಉಸಿರಾಡುವಂತೆಯೂ ಇರಬೇಕು ಎಂಬದೇ ಆ ಬಂಧನದ ಗುಟ್ಟು.

ಸಂಧಾನವು ಮುಗಿಯಿತೆಂದು ತಿಳಿಯಲು ವೈದ್ಯರು ಕೆಲವು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದಾರೆ. ಗಡಿಗೆಗೆ ಕಿವಿಗೊಟ್ಟರೆ ಒಳಗಿನ ಗುಳುಗುಳು ಶಬ್ದವು ನಿಂತಿರಬೇಕು. ತೇಲುತ್ತಿದ್ದ ಚೂರ್ಣವು ತಳಕ್ಕೆ ಇಳಿದಿರಬೇಕು. ಉರಿಯುವ ಕಡ್ಡಿಯನ್ನು ಬಾಯೊಳಗೆ ಹಿಡಿದರೆ ಅದು ಆರದೆ ಉರಿಯಬೇಕು. ಆರಿದರೆ ಅನಿಲವಿನ್ನೂ ಹುಟ್ಟುತ್ತಿದೆಯೆಂದು ಅರ್ಥ. ಇವೆಲ್ಲ ಸಿದ್ಧಿಸಿದ ಮೇಲೆಯೇ ಸೋಸಿ, ಶೀಸೆಗೆ ತುಂಬಿ, ಬೂಚು ಬಿಗಿಯುವದು.

ಪಾಶ್ಚಾತ್ಯರು ಇದೇ ತತ್ವವನ್ನು ಲೋಹದ ಡಬ್ಬಿಗೆ ಹೊಂದಿಸಿದರು. ಫ್ರಾನ್ಸಿನ ನಿಕೊಲಾ ಅಪೆರನು ಆಹಾರವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕಾಯಿಸಿ ಕೆಡದಂತಿಡುವ ಕ್ರಮವನ್ನು 1810ರಲ್ಲಿ ಪ್ರಕಟಿಸಿದನು. ಅದು ಏಕೆ ಫಲಿಸುವದೆಂಬ ಕಾರಣವನ್ನು ಲೂಯಿ ಪಾಶ್ಚರನು ಮುಂದೆ ತೋರಿಸಿದನು. ಬಿಯರನ್ನು ಕುರಿತ ಆತನ ಗ್ರಂಥವು 1876ರಲ್ಲಿ ಹೊರಬಂದಿತು. ಆದರೂ ಬಿಯರು ಡಬ್ಬಿ ಸೇರಲು ಬಹುಕಾಲ ಹಿಡಿಯಿತು. ಅನಿಲದ ಒತ್ತಡವನ್ನು ತಗಡು ತಾಳಬೇಕು, ಬಿಯರಿನ ಹುಳಿಯು ಲೋಹವನ್ನು ಮುಟ್ಟದಂತೆ ಒಳಗೆ ಲೇಪವಿರಬೇಕು; ಈ ಎರಡು ತೊಡಕುಗಳನ್ನು ಗೆದ್ದ ಮೇಲೆ, 1935ನೆಯ ಜನವರಿ 24ರಂದು ಅಮೇರಿಕೆಯ ರಿಚ್‌ಮಂಡ್ ನಗರದಲ್ಲಿ ಕ್ರೂಗರ್ ಕಂಪನಿಯ ಬಿಯರು ಮೊದಲ ಬಾರಿಗೆ ಡಬ್ಬಿಯಲ್ಲಿ ಮಾರಾಟಕ್ಕೆ ಬಂದಿತು.

ಈಗ ಮನೆಯಲ್ಲಿ ಡಬ್ಬಿ ಕಟ್ಟುವವರ ಕ್ರಮವೂ ಇದರದೇ ಸಣ್ಣ ರೂಪ. ದ್ರವದ ಸಾಂದ್ರತೆಯನ್ನು ತೇಲುಮಾಪಕದಿಂದ, ನಾವು ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನಂಥ ಉಪಕರಣದಿಂದ, ಅಳೆಯುವರು. ನೀರಿನ ಸಾಂದ್ರತೆ 1.000 ಎಂದಿಟ್ಟರೆ, ಹುಳಿಯುವ ಮುಂಚೆ ಸುಮಾರು 1.050 ಇದ್ದ ಬಿಯರು ಹುಳಿತ ತರುವಾಯ 1.010ರ ಸಮೀಪಕ್ಕೆ ಇಳಿಯುವದು. ಹಲವು ದಿನ ಅಂಕೆಯು ಕದಲದಿದ್ದರೆ ಮಾತ್ರ ಮುಂದಿನ ಕೆಲಸ. ಚೆನ್ನಾಗಿ ತಂಪು ಮಾಡಿದ ಬಿಯರನ್ನು ಡಬ್ಬಿಯ ತಳದಿಂದ ಮೇಲಕ್ಕೆ ತುಂಬಿ, ಏಳುವ ನೊರೆಯು ಗಾಳಿಯನ್ನು ಹೊರದೂಡುತ್ತಿರುವಾಗಲೇ ಮುಚ್ಚಳವನ್ನಿಟ್ಟು ಯಂತ್ರದ ಹಿಡಿಕೆಯನ್ನು ತಿರುಗಿಸುವರು. ಆಗ ಮುಚ್ಚಳದ ಅಂಚೂ ಡಬ್ಬಿಯ ಅಂಚೂ ಒಂದರೊಳಗೊಂದು ಮಡಿಚಿಕೊಂಡು ಇಮ್ಮಡಿ ಹೊಲಿಗೆಯಂತಾಗುವವು. ಗಾಳಿಯು ಒಳಗುಳಿದರೆ ರುಚಿ ಕೆಡುವದು. ಸಕ್ಕರೆಯು ಉಳಿದು ಯೀಸ್ಟ್ ಜೀವದಿಂದಿದ್ದರೆ ಡಬ್ಬಿಯು ಉಬ್ಬಿ ಸಿಡಿಯುವದು.

ಇನ್ನು ತರುಣರ ಪ್ರಶ್ನೆಗೆ ಬರೋಣ. ಒಂದು ಲೀಟರ್ ಕಬ್ಬಿನ ಹಾಲಿನಲ್ಲಿ ಸುಮಾರು 150 ಗ್ರಾಂ ಸಕ್ಕರೆಯಿರುವದೆಂದು ಹಿಡಿಯೋಣ. ಅದೆಲ್ಲವೂ ಹುಳಿತರೆ ಹುಟ್ಟುವ ಅನಿಲವು ಸುಮಾರು 40 ಲೀಟರ್! ಯಾವ ಡಬ್ಬಿಯೂ ಶೀಸೆಯೂ ಇದನ್ನು ತಾಳಲಾರದು. ಗಾಜಾದರೆ ಚೂರುಗಳು ಬಾಣಗಳಂತೆ ಹಾರುವವು. “ಕುದಿಸಿ ಮುಚ್ಚಿದರಾಯಿತು” ಎಂಬುವರಿಗೂ ಒಂದು ಎಚ್ಚರಿಕೆ ಅವಶ್ಯ. ಕಬ್ಬಿನ ಹಾಲಿನಲ್ಲಿ ಆಮ್ಲವು ಕಡಿಮೆ. ಕುದಿಯುವ ನೀರಿನ ಶಾಖವು ಯೀಸ್ಟನ್ನು ಕೊಲ್ಲಬಲ್ಲದು. ಆದರೆ ಬಾಟ್ಯುಲಿನಂ ಎಂಬ ಘೋರ ವಿಷವನ್ನುಂಟುಮಾಡುವ ಅಣುಜೀವಿಯ ಬೀಜಕಗಳು ಅದನ್ನು ಸಹಿಸಿ ಉಳಿದು, ಗಾಳಿಯಿಲ್ಲದ ಪಾತ್ರೆಯಲ್ಲಿ ಬೆಳೆಯಬಲ್ಲವು. ಆ ವಿಷಕ್ಕೆ ವಾಸನೆಯೂ ಬಣ್ಣವೂ ಇರಬೇಕೆಂಬ ನಿಯಮವಿಲ್ಲ. ಆದಕಾರಣ ಕಬ್ಬಿನ ಹಾಲನ್ನು ಹಿಂಡಿದಾಗಲೇ ಕುಡಿಯುವದು ಲೇಸು. ಉಳಿಸಬೇಕೆಂದರೆ ಮಹಾಲಿಂಗಪುರದ ಪೇಟೆಗೆ ಬರುವ ಬೆಲ್ಲವೇ ನಮ್ಮ ಹಿರಿಯರು ಕಂಡುಕೊಂಡ ಉತ್ತರ: ನೀರನ್ನು ಬತ್ತಿಸಿದ ಮೇಲೆ ಅಣುಜೀವಿಗೆ ಅಲ್ಲಿ ಬಾಳುವೆಯಿಲ್ಲ.

ಕಾಯದೆಯನ್ನೂ ಮರೆಯಲಾಗದು. ಕೌಟಿಲ್ಯನು ಸಹ ಗೃಹಸ್ಥರಿಗೆ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅವಕಾಶವಿತ್ತು, ಉಳಿದದ್ದನ್ನು ಸುರಾಧ್ಯಕ್ಷನ ಅಂಕೆಗೆ ಒಪ್ಪಿಸಿದನು. ಬ್ರಿಟನ್ನಿನಲ್ಲಿ 1963ರಿಂದ ಮನೆಯ ಬಳಕೆಯ ಬಿಯರಿಗೆ ಪರವಾನಿಗೆ ಬೇಡವಾಯಿತು. ಅಮೇರಿಕೆಯಲ್ಲಿ 1978ರ ಕಾಯದೆಯು ಇದಕ್ಕೆ ದಾರಿ ತೆರೆಯಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯದೆಯ ಪ್ರಕಾರ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವದು ಅಪರಾಧ. ಬಿಯರೂ ಅದರಲ್ಲಿ ಸೇರಿದ್ದೇ.

ಗೃಹಿಣಿಯರು ನೆನಪಿಡತಕ್ಕ ಮಾತುಗಳು ಕೆಲವೇ. ಅಂಬಲಿಯ ಗಡಿಗೆಗೆ ಬಟ್ಟೆಯ ಮುಸುಕೇ ಸಾಕು, ಬಿಗಿಮುಚ್ಚಳ ಬೇಡ. ಹಣ್ಣಿನ ರಸ, ಶುಂಠಿಯ ಪಾನಕ ಮೊದಲಾದವನ್ನು ಸೋಡಾ ಶೀಸೆಯಲ್ಲಿ ಕಂಠಮಟ್ಟ ತುಂಬಿ ಬಿಸಿಲಲ್ಲಿಯೂ ಒಲೆಯ ಹತ್ತಿರದಲ್ಲಿಯೂ ಇಡಲಾಗದು. ಮುಚ್ಚಿದ ಶೀಸೆಯನ್ನು ಎಂದೂ ಕಾಯಿಸಬೇಡಿರಿ. ಉಬ್ಬಿದ ಡಬ್ಬಿಯನ್ನು ತೆರೆದು ರುಚಿ ನೋಡುವ ಸಾಹಸ ಬೇಡ. ಮಕ್ಕಳ ಕೈಗೆ ಸಿಗದಂತೆ ದೂರವಿಟ್ಟು ವಿಸರ್ಜಿಸಿರಿ. ಆಸವಾರಿಷ್ಟಗಳಲ್ಲಿ ಮದ್ಯಸಾರವುಂಟೆಂಬದನ್ನು ತಿಳಿದು, ಶಿಶುಗಳಿಗೂ ಗರ್ಭಿಣಿಯರಿಗೂ ವೈದ್ಯರ ಅಪ್ಪಣೆಯಿಲ್ಲದೆ ಕೊಡಬೇಡಿರಿ.

ಹುಳಿಯುವ ವಸ್ತುವು ಉಸಿರಾಡುವ ವಸ್ತು. ಅದರ ಉಸಿರು ನಿಂತಿತೆಂದು ಪರೀಕ್ಷಿಸಿದ ಮೇಲೆಯೇ ಬಾಯಿ ಕಟ್ಟಬೇಕೆಂಬ ಈ ಒಂದು ನಿಯಮವನ್ನು ಮನೆಯವರೆಲ್ಲರೂ ಅರಿತಿರುವದು ಕ್ಷೇಮಕರ.