ವಾರ್ಧಕ್ಯದ ಏರ್ಪಾಡು

ಮಳೆಗಾಲಕ್ಕೆ ಮುಂಚೆಯೇ ಮನೆಯ ಹೆಂಚನ್ನು ಕೈಯಾಡಿಸುವ ಗೃಹಸ್ಥನು, ಮಕ್ಕಳು ಶಾಲೆ ಸೇರುವ ಮೊದಲೇ ಅವರ ವಿದ್ಯೆಗೆಂದು ಹಣ ಕೂಡಿಡುವ ಗೃಹಸ್ಥನು, ತನ್ನ ಮುಪ್ಪಿನ ವಿಷಯ ಬಂದರೆ ಮಾತ್ರ ‘ಆಗ ನೋಡಿಕೊಂಡರಾಯಿತು’ ಎಂದು ಸುಮ್ಮನಾಗುವನು. ಆಗ ನೋಡಿಕೊಳ್ಳಲು ಕಣ್ಣಿನಲ್ಲಿ ಬೆಳಕೂ ಕೈಯಲ್ಲಿ ಬಲವೂ ಉಳಿದಿರುವುವೆಂಬುದಕ್ಕೆ ಪ್ರಮಾಣವೇನು? ಪರರಿಗೆ ಬುದ್ಧಿ ಹೇಳುವ ಅಧಿಕಾರ ನನಗಿದೆಯೆಂದು ಇದನ್ನು ಬರೆಯುತ್ತಿಲ್ಲ. ನನ್ನ ಕೈಯಿಂದಲೇ ನಡೆದ ಒಂದು ತಪ್ಪನ್ನು ನೆನೆದು ಬರೆಯುತ್ತಿದ್ದೇನೆ.

ನಮ್ಮ ಬಂಧುವರ್ಗದಲ್ಲಿ ಓರ್ವ ವೃದ್ಧೆಯಿದ್ದರು. ಅವರ ಹೆಸರಿನಲ್ಲಿ ಒಂದು ಮನೆಯ ಹೊರತು ಬೇರೆ ಆಸ್ತಿಯಿರಲಿಲ್ಲ; ಮಗನೂ ಒಬ್ಬನೇ. ವ್ಯಾಪಾರಕ್ಕೆ ಸಾಲ ದೊರೆಯಬೇಕಾದರೆ ಮನೆಯು ತನ್ನ ಹೆಸರಿಗೆ ಬರಬೇಕೆಂದು ಅವನು ಕೇಳಿದನು. ದಾನಪತ್ರಕ್ಕೆ ಸಾಕ್ಷಿ ಹಾಕಿದವರಿಬ್ಬರಲ್ಲಿ ನಾನೊಬ್ಬನು. ತಾಯಿಯ ಅನ್ನವಸ್ತ್ರಗಳ ವಿಷಯವಾಗಿ ಒಂದು ವಾಕ್ಯವನ್ನು ಸೇರಿಸಬೇಕೇ ಎಂದು ಪತ್ರ ಬರೆಯುವವನು ವಿಚಾರಿಸಿದನು. ‘ಹೆತ್ತ ಮಗನಿಗೆ ಕರಾರೇ?’ ಎಂದು ಆಕೆ ನಕ್ಕರು. ನಾನೂ ನಕ್ಕೆನು. ಮಕ್ಕಳ ಬರಹದಲ್ಲಿ ಬಿಟ್ಟುಹೋದ ಒಂದೊಂದು ಅಕ್ಷರವನ್ನೂ ಕೆಂಪು ಶಾಯಿಯಿಂದ ತಿದ್ದುತ್ತಿದ್ದ ನಾನು, ಅಂದು ಬಿಟ್ಟುಹೋದ ವಾಕ್ಯವನ್ನು ಲೆಕ್ಕಿಸದೆ ರುಜು ಹಾಕಿದೆನು.

ಮಗನು ದುಷ್ಟನಲ್ಲ. ವ್ಯಾಪಾರ ಕೆಟ್ಟಿತು, ಸಾಲ ತೀರಿಸಲು ಮನೆ ಮಾರಿಹೋಯಿತು, ಅವನು ಹೆಂಡತಿ ಮಕ್ಕಳೊಡನೆ ಪರಸ್ಥಳದ ಒಂದು ಕಿರಿದಾದ ಬಾಡಿಗೆಯ ಮನೆಯನ್ನು ಸೇರಿದನು. ಅಲ್ಲಿ ತಾಯಿಗೆ ಎಡೆಯಿರಲಿಲ್ಲ. ಆಕೆ ತಮ್ಮ ಕೊನೆಯ ನಾಲ್ಕು ವರ್ಷಗಳನ್ನು ಮೂರು ಮೂರು ತಿಂಗಳಂತೆ ಬಂಧುಗಳ ಮನೆಗಳಲ್ಲಿ ಕಳೆದರು. ನಮ್ಮ ಮನೆಗೆ ಬಂದಾಗ ತಮ್ಮ ಟ್ರಂಕನ್ನು ಪೂರ್ತಿಯಾಗಿ ಬರಿದುಮಾಡುತ್ತಲೇ ಇರಲಿಲ್ಲ. ಆ ಒಂದು ವಾಕ್ಯವಿದ್ದಿದ್ದರೆ ಮನೆಯನ್ನು ಕೊಳ್ಳಬಂದವನಾದರೂ ಅದನ್ನೋದಿ ಹಿಂಜರಿಯುತ್ತಿದ್ದನು.

ಕರಾರು ಮಾಡುವುದು ವಾತ್ಸಲ್ಯಕ್ಕೆ ಕುಂದೆಂದು ಅನೇಕರು ಭಾವಿಸುವರು. ನಮ್ಮ ಧರ್ಮಶಾಸ್ತ್ರಕಾರರು ಹಾಗೆ ಭಾವಿಸಲಿಲ್ಲ. ವಾನಪ್ರಸ್ಥಕ್ಕೆ ಹೊರಡುವವನು ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಹೋಗಬೇಕು, ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ತಂದೆಯು ತಾನೇ ಮಕ್ಕಳಿಗೆ ಸಮಭಾಗವನ್ನು ಹಂಚುವುದಾದರೆ, ಸ್ತ್ರೀಧನವನ್ನು ಪಡೆಯದಿರುವ ಪತ್ನಿಗೂ ಸಮಾನವಾದ ಪಾಲಿರಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದ್ದು ನಮ್ಮ ಕಲ್ಯಾಣನಗರದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಆ ಹಿರಿಯರಿಗೆ ಪ್ರೀತಿಯ ಅರಿವಿರಲಿಲ್ಲವೇ? ಪ್ರೀತಿಯಿರುವಾಗಲೇ ವ್ಯವಸ್ಥೆಯನ್ನು ಮಾಡಿಡಬೇಕೆಂಬುದು ಅವರ ಮತ.

ಇಂದಿನ ಶಾಸನವೂ ಅದನ್ನೇ ಹೇಳುತ್ತದೆ. ಹಿರಿಯ ನಾಗರಿಕರ ಪೋಷಣೆಯನ್ನು ಕುರಿತು 2007ರಲ್ಲಿ ಆದ ಶಾಸನದ 23ನೆಯ ಪ್ರಕರಣದಂತೆ, ಪೋಷಣೆಯ ಕರಾರಿನ ಮೇಲೆ ಆಸ್ತಿಯನ್ನು ಪಡೆದವನು ಆ ಕರಾರಿಗೆ ತಪ್ಪಿದರೆ ದಾನವನ್ನು ರದ್ದುಪಡಿಸಬಹುದು. ಅಂತಹ ಕರಾರು ಇದ್ದುದನ್ನು ತೋರಿಸುವುದು ಅವಶ್ಯಕವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಮಧ್ಯಪ್ರದೇಶದ ಓರ್ವ ತಾಯಿಗೆ ಆಕೆಯ ಆಸ್ತಿಯನ್ನು ಮರಳಿ ಕೊಡಿಸಿತು. ಅಲ್ಲಿ ಮಗನು ಬರೆದುಕೊಟ್ಟಿದ್ದ ವಚನಪತ್ರವಿತ್ತು. ಬರಹದ ಬೆಲೆ ಇಷ್ಟರಿಂದಲೇ ವಿದಿತವಾಗುವುದು. ಆಸ್ತಿಯಿಲ್ಲದವರೂ ನಿರಾಶರಾಗಬೇಕಾಗಿಲ್ಲ. ಮಕ್ಕಳಿಂದ ಜೀವನಾಂಶವನ್ನು ಕೋರಿ ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಸಲ್ಲಿಸಬಹುದು. ದೂರವಾಣಿಯಲ್ಲಿ 14567 ಎಂಬ ಸಂಖ್ಯೆಗೆ ಕರೆಮಾಡಿದರೆ ಹಿರಿಯರಿಗೆ ಸಲಹೆ ದೊರೆಯುತ್ತದೆ.

ಆದರೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತದಿರುವುದೇ ಮೇಲು. ಆದಕಾರಣ ದಾನಪತ್ರಕ್ಕೂ ಮರಣಶಾಸನಕ್ಕೂ ಇರುವ ಭೇದವನ್ನು ಗೃಹಸ್ಥರು ಚೆನ್ನಾಗಿ ತಿಳಿದಿರತಕ್ಕದ್ದು. ದಾನವು ಕೊಟ್ಟ ಒಡನೆಯೇ ಕೈಬಿಟ್ಟುಹೋಗುತ್ತದೆ. ಮನಸ್ಸು ಬದಲಾದ ಮಾತ್ರಕ್ಕೆ ಅದು ಹಿಂದಕ್ಕೆ ಬಾರದು. ಮರಣಶಾಸನವಾದರೋ ಬರೆದವನ ಕಾಲಾನಂತರವೇ ಜಾರಿಗೆ ಬರುವುದು; ಅವನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಅದನ್ನು ತಿದ್ದಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿಯು ಕಡ್ಡಾಯವಲ್ಲದಿದ್ದರೂ ಹಿತಕರ. ಪಾಲು ಪಡೆಯುವವನೇ ಸಾಕ್ಷಿಯಾಗದಿರುವುದು ವಿವೇಕ.

ನಿವೃತ್ತನಾದ ಮೇಲೆ ಒಂದು ಭಾನುವಾರ ನಾನು ಪತ್ನಿಯನ್ನೂ ಮಗನನ್ನೂ ಮಗಳನ್ನೂ ಕೂಡಿಸಿಕೊಂಡು ಈ ವಿಷಯವನ್ನೆತ್ತಿದೆನು. ಮಗಳು ಕಣ್ಣೀರಿಟ್ಟಳು, ಮಗನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ಅವನೇ, ‘ಅಮ್ಮನಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಯಾವ ಕೋಣೆ?’ ಎಂದು ಕೇಳಿದನು. ಅಲ್ಲಿಂದ ಮಾತು ಸುಗಮವಾಯಿತು. ಕೆಳಗಿನ ಕೋಣೆ ನಮಗೆಂದು ನಿಶ್ಚಯವಾಯಿತು; ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳನ್ನು ಹಾಕಿಸಿದೆವು. ಮನೆಯು ಪತ್ನಿಯ ಜೀವಿತಕಾಲದವರೆಗೆ ಅವಳಿಗೂ, ಅನಂತರ ಮಕ್ಕಳಿಬ್ಬರಿಗೂ ಸಮನಾಗಿ ಸೇರುವಂತೆ ಮರಣಶಾಸನವನ್ನು ಬರೆದೆನು. ಇಬ್ಬರಲ್ಲೊಬ್ಬರು ಹಾಸಿಗೆ ಹಿಡಿದರೆ ಸೇವಕಿಯ ವೇತನಕ್ಕೆಂದು ಸ್ವಲ್ಪ ಹಣವನ್ನು ಬೇರೆಯಾಗಿ ಇರಿಸಿದ್ದೇವೆ. ಮಗನ ಮೇಲೆ ನನಗಿದ್ದ ನಂಬಿಕೆಯು ಇದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ. ಅವನಿಗೂ ಭಾರ ಇಳಿದಂತಾಗಿದೆಯೆಂದು ಅವನ ಮುಖವೇ ಹೇಳುತ್ತಿತ್ತು.

ಆ ವೃದ್ಧೆಯ ಟ್ರಂಕು ನಮ್ಮಲ್ಲಿಯೇ ಉಳಿದಿದೆ. ನಮ್ಮ ಕಾಗದಪತ್ರಗಳನ್ನು ಅದರಲ್ಲಿಟ್ಟು, ಬೀಗದ ಕೈ ಇರುವ ಸ್ಥಳವನ್ನು ಮಕ್ಕಳಿಬ್ಬರಿಗೂ ತಿಳಿಸಿದ್ದೇನೆ. ವಾಚಕರೂ ಕೈಕಾಲುಗಳಲ್ಲಿ ಬಲವಿರುವಾಗಲೇ ಮನೆಮಂದಿಯನ್ನು ಕೂಡಿಸಿಕೊಂಡು ಈ ಮಾತನ್ನು ಆಡಿ ಮುಗಿಸಲಿ.