ಮಳೆಯ ಮನೆಯಲ್ಲಿ ಕಂಠಮುದ್ರಣ

ಆರಿದ್ರಾ ಮಳೆ ಹಿಡಿದ ಮೇಲೆ ಕಳಸ, ಮೂಡಿಗೆರೆಗಳ ತೋಟದ ಮನೆಗಳಲ್ಲಿ ಹಂಚಿನ ಮಾಡಿನ ಕೆಳಗೆ ಕುಳಿತು ಭಾವಗೀತೆಯನ್ನೋ ದೇವರನಾಮವನ್ನೋ ಮುದ್ರಿಸಿಕೊಳ್ಳಬಯಸುವವರು, ಸ್ಟುಡಿಯೋದ ಗಾಂಭೀರ್ಯವನ್ನು ಅಪೇಕ್ಷಿಸಿ ಮೈಕಿಗೂ ಕಂಪ್ಯೂಟರಿಗೂ ನಡುವೆ ಅನಲಾಗ್ ಉಪಕರಣಗಳನ್ನು ಜೋಡಿಸುವ ಮುನ್ನ, ಅವು ಎಸಗುವ ಕಾರ್ಯವೇನೆಂಬುದನ್ನು ವಿವೇಚಿಸುವುದು ಉಚಿತ.

ಮೈಕಿನಿಂದ ಹೊರಡುವ ವಿದ್ಯುತ್ಸಂಕೇತ ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟುಗಳಷ್ಟು ಕ್ಷೀಣವಾದುದರಿಂದ, ಅದನ್ನು ವರ್ಧಿಸುವ ಪ್ರಿಆಂಪ್ ಅನಿವಾರ್ಯ. ಅದರೊಡನೆ ಬರುವ ಹೈಪಾಸ್ ಫಿಲ್ಟರು ಸುಮಾರು 80 ಹರ್ಟ್ಸಿಗಿಂತ ಕೆಳಗಿನ ಕಂಪನಗಳನ್ನು ಕುಗ್ಗಿಸುತ್ತದೆ. ತೋಟದ ಪಂಪಿನ ಗುಡುಗುಡು, ಮರದ ಅಟ್ಟದ ಅದುರು ಇದರಿಂದ ತಗ್ಗುತ್ತವೆ, ಸ್ತ್ರೀಕಂಠಕ್ಕಂತೂ ನಷ್ಟವಾಗದು. ಆದರೆ ಹಂಚಿನ ಮೇಲೆ ಸುರಿಯುವ ಮಳೆಯ ಸದ್ದು ಮಂದ್ರದಿಂದ ತಾರದವರೆಗೆ ವ್ಯಾಪಿಸಿ, ಗಾನದ ಸ್ವರಗಳು ನೆಲಸಿರುವೆಡೆಯಲ್ಲೇ ತಾನೂ ನೆಲಸಿರುವುದರಿಂದ, ಅದನ್ನು ಮಾತ್ರ ಇಂಥ ಫಿಲ್ಟರು ಬೇರ್ಪಡಿಸಲಾರದು.

ಇನ್ನು ಧ್ವನಿಯ ಏರಿಳಿತವನ್ನು ಹತೋಟಿಯಲ್ಲಿಡುವ ಕಂಪ್ರೆಸರ್. ಅಮೆರಿಕದಲ್ಲಿ 1960ರ ದಶಕದಲ್ಲಿ ಪ್ರಸಿದ್ಧಿಗೆ ಬಂದ ಎಲ್‌ಎ-2ಎ ಎಂಬ ಉಪಕರಣದಲ್ಲಿ, ಧ್ವನಿ ಏರಿದಂತೆ ಒಳಗಿನ ದೀಪಫಲಕ ಪ್ರಜ್ವಲಿಸುತ್ತದೆ. ಆ ಬೆಳಕು ಬಿದ್ದ ಪ್ರಕಾಶಸಂವೇದಿ ರೋಧಕದ ರೋಧ ಇಳಿದು, ಸಂಕೇತವೂ ತಗ್ಗುತ್ತದೆ. ಬೆಳಕು ಆರಿದರೂ ರೋಧ ಮೆಲ್ಲಮೆಲ್ಲನೆ ಮರಳುವುದೇ ಅದರ ಸೌಮ್ಯಗುಣಕ್ಕೆ ಮುಖ್ಯ ಕಾರಣ.

ಈ ಸೌಮ್ಯತೆಗೆ ಬೆಲೆಯುಂಟು. 3:1 ಅನುಪಾತದಲ್ಲಿ, ಮಿತಿಯನ್ನು 9 ಡೆಸಿಬೆಲ್ ಮೀರಿದ ಸ್ವರ 3 ಡೆಸಿಬೆಲ್ ಮಾತ್ರ ಮೀರಿ ಹೊರಬರುತ್ತದೆ. ಕಳೆದುಹೋದ 6 ಡೆಸಿಬೆಲ್ಲನ್ನು ತುಂಬಿಕೊಳ್ಳಲು ಸಮಸ್ತವನ್ನೂ ಏರಿಸಿದಾಗ, ಗಾಯಕಿ ಉಸಿರೆಳೆದುಕೊಳ್ಳುವ ವಿರಾಮದಲ್ಲಿ ಮಳೆಯ ಸಂಕೇತದ ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಟೇಪಿನ ಕಾಲದಲ್ಲಿ, ಕೆಳಗೆ ಟೇಪಿನದೇ ಸುಯ್ಲು, ಮೇಲೆ ಅದರ ಧಾರಣಶಕ್ತಿಯ ಮೇರೆ ಇದ್ದುದರಿಂದ, ಧ್ವನಿಯನ್ನು ಮೊದಲೇ ಸಂಕೋಚಿಸಿಕೊಳ್ಳುವುದು ಬಹುವೇಳೆ ಅವಶ್ಯಕವಾಗಿತ್ತು. ಇಂದಿನ 24 ಬಿಟ್ಟಿನ ಮುದ್ರಣಕ್ಕೆ ತಾತ್ತ್ವಿಕವಾಗಿ 144 ಡೆಸಿಬೆಲ್ ವಿಸ್ತಾರವಿರುವುದರಿಂದ, ಅತ್ಯುಚ್ಚ ಸ್ವರವೂ ಮೇರೆಗಿಂತ 10 ಡೆಸಿಬೆಲ್ ಕೆಳಗುಳಿಯುವಂತೆ ಪ್ರಿಆಂಪನ್ನು ತಿರುಗಿಸಿಟ್ಟರೆ ಸಾಕು. ಸಂಕೋಚನವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಬಹುದು, ಒಲ್ಲದಿದ್ದರೆ ತೆಗೆದುಹಾಕಲೂಬಹುದು. ಅಂಕಿಗಳಾಗಿ ಪರಿವರ್ತನೆಯಾಗುವ ಮುನ್ನ ಮಾಡಿದ್ದಕ್ಕೆ ಅಂಥ ಪರಿಹಾರವಿಲ್ಲ. ಅನಲಾಗ್ ಉಪಕರಣದ ಗುಣವೇ ಬೇಕೆಂಬವರು ಅದರ ಸಂಕೋಚನವನ್ನು 2-3 ಡೆಸಿಬೆಲ್‌ಗಳಿಗೆ ಸೀಮಿತಗೊಳಿಸಿಕೊಳ್ಳಲಿ.

ಮಳೆಯನ್ನು ಹಿಂದಿಡುವ ಉಪಾಯ ಮೈಕಿನ ಅಂತರದಲ್ಲಿಯೇ ಇದೆ. ತುಟಿಗೂ ಮೈಕಿಗೂ ಇರುವ ಒಂದಡಿಯನ್ನು ಅರ್ಧ ಅಡಿಯಾಗಿಸಿದರೆ ಕಂಠ ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಲ್ಲಿಯೇ ಇರುತ್ತದೆ. ಸಾಮೀಪ್ಯದಿಂದ ಒದಗುವ ಮಂದ್ರದ ಅತಿಶಯವನ್ನು ತಗ್ಗಿಸಲು ಆ ಹೈಪಾಸ್ ಫಿಲ್ಟರು ನೆರವಾಗುತ್ತದೆ.