ಮನೆಯಲ್ಲಿ ಮಂಜುನಾಥ, ಮೊಬೈಲಿನಲ್ಲಿ ಅಶ್ವತ್ಥಾಮ

ರಾತ್ರಿ ಊಟ ಮುಗಿಸಿ ಮೊಬೈಲ್ ಗೇಮ್ ಆಡಲು ಕೂರುವ ಹುಡುಗರ ತಂಡದ ಹೆಸರುಗಳನ್ನೊಮ್ಮೆ ಓದಿ ನೋಡಿ. ಕರ್ಣ, ಏಕಲವ್ಯ, ಅಶ್ವತ್ಥಾಮ, ಲಂಕೇಶ, ಘಟೋತ್ಕಚ. ನಡುವೆ ಮಾರ್ವೆಲ್ ಸಿನಿಮಾದಿಂದ ಬಂದ ಲೋಕಿ, ‘ಗಾಡ್ ಆಫ್ ವಾರ್’ ಗೇಮ್‌ನಿಂದ ಬಂದ ಕ್ರೇಟೋಸ್. ಬೆಳಿಗ್ಗೆ ಕಾಲೇಜಿನಲ್ಲಿ ಹಾಜರಿ ಕೂಗಿದರೆ ಇವರೇ ಮಂಜುನಾಥ, ಕಿರಣ್, ಇಮ್ರಾನ್, ಸಂತೋಷ. ಎಕ್ಸ್, ಇನ್‌ಸ್ಟಾಗ್ರಾಂ, ರೆಡಿಟ್‌ಗಳಲ್ಲೂ ಇಂಥ ಹೆಸರುಗಳಿಗೆ ಬರವಿಲ್ಲ. ಮಹಾಭಾರತವನ್ನು ಪೂರ್ತಿ ಓದದವರು, ದೇವಸ್ಥಾನದ ಮೆಟ್ಟಿಲು ಹತ್ತದವರು ಕೂಡ ಯೂಸರ್‌ನೇಮ್ ಎಂದ ಕೂಡಲೇ ಪುರಾಣದತ್ತ ತಿರುಗುತ್ತಾರೆ. ಇದನ್ನು ಬರೀ ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ.

ಹತ್ತು ಹೆಸರಿನ ಅರ್ಜುನ

ಮೊದಲ ಕಾರಣ ಅನುಕೂಲ. ಒಂದು ಜಾಲತಾಣದಲ್ಲಿ ಒಂದು ಯೂಸರ್‌ನೇಮ್ ಒಬ್ಬರಿಗೇ ಸಿಗುವುದು. ಎಕ್ಸ್‌ನಲ್ಲಿ ಅದು 15 ಅಕ್ಷರ ಮೀರುವಂತಿಲ್ಲ, ಇನ್‌ಸ್ಟಾಗ್ರಾಂನಲ್ಲಿ 30. ಸ್ವಂತ ಹೆಸರು ಹಾಕಿದರೆ ಅದು ಎಂದೋ ಬೇರೆಯವರ ಪಾಲಾಗಿರುತ್ತದೆ. ಬಾಲಕ್ಕೆ ಮೂರ್ನಾಲ್ಕು ಅಂಕಿ ಅಂಟಿಸಿಕೊಳ್ಳಬೇಕು. ಪುರಾಣ ಇಲ್ಲಿ ಕೈ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಒಬ್ಬರಿಗೆ ಒಂದೇ ಹೆಸರಿಲ್ಲ. ವಿರಾಟಪರ್ವದಲ್ಲಿ ಬನ್ನಿ ಮರದ ಹತ್ತಿರ ಉತ್ತರಕುಮಾರ ಒಂದು ಪರೀಕ್ಷೆ ಒಡ್ಡುತ್ತಾನೆ: ನೀನು ಅರ್ಜುನನೇ ಆಗಿದ್ದರೆ ಅವನ ಹತ್ತು ಹೆಸರು ಹೇಳು. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ ಎಂದು ಬೃಹನ್ನಳೆ ಒಪ್ಪಿಸುತ್ತಾಳೆ. ಇಂದು ಅರ್ಜುನ ಸಿಗದವರು ಸವ್ಯಸಾಚಿಯಾಗುತ್ತಾರೆ, ಅದೂ ಸಿಗದಿದ್ದರೆ ಬೀಭತ್ಸು. ವಿಷ್ಣುವಿಗಂತೂ ಸಾವಿರ ಹೆಸರು.

ಸೋತವರ ಮೇಲಿನ ಒಲವು

ಅನುಕೂಲವೊಂದೇ ಕಾರಣವಾಗಿದ್ದರೆ ಹೂವು, ಹಕ್ಕಿ, ಹೊಳೆಗಳ ಹೆಸರೂ ಸಾಕಿತ್ತು. ಎಂಥ ಪಾತ್ರಗಳು ಆಯ್ಕೆಯಾಗುತ್ತವೆ ಎಂಬುದನ್ನು ಗಮನಿಸಿದರೆ ಒಳಗಿನ ಕಾರಣ ಗೊತ್ತಾಗುತ್ತದೆ. ಮಗು ಸುಖವಾಗಿ ಬಾಳಲಿ ಎಂದು ಹಾರೈಸಿ ಹೆತ್ತವರು ಹೆಸರಿಡುತ್ತಾರೆ. ಹಾಗಾಗಿ ಹೆಬ್ಬೆರಳು ಕಳೆದುಕೊಂಡವನ, ತೊಡೆ ಮುರಿಸಿಕೊಂಡವನ, ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯುವ ಶಾಪ ಹೊತ್ತವನ ಹೆಸರು ತೊಟ್ಟಿಲವರೆಗೆ ಬರುವುದು ಅಪರೂಪ. ರಾಯಬಾಗದ ಶಾಸಕ ದುರ್ಯೋಧನ ಐಹೊಳೆಯವರಂಥ ಉದಾಹರಣೆಗಳು ಇಲ್ಲವೆಂದಲ್ಲ. ಆದರೆ ಹೆಚ್ಚಿನವರಿಗೆ ಇಂಥ ಹೆಸರು ಸಿಗಬೇಕಾದರೆ ತಾವೇ ಇಟ್ಟುಕೊಳ್ಳಬೇಕು.

ಮಾರ್ಕ್ಸ್ ಕಾರ್ಡಿನಲ್ಲಿ, ಜಾತಿ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ ಇರುವುದು ಬೇರೆಯವರು ಕೊಟ್ಟ ಗುರುತು. ಹುಟ್ಟಿನ ಕಾರಣಕ್ಕೆ ಹಂಗಿಸಿಕೊಂಡವನಿಗೆ ಕರ್ಣ ತನ್ನವನೆನಿಸುತ್ತಾನೆ. ಗುರುವಿಲ್ಲದೆ, ಕೋಚಿಂಗ್ ಇಲ್ಲದೆ ತಾನೇ ಕಲಿತವನಿಗೆ ಏಕಲವ್ಯ ಹತ್ತಿರದವನು. ನಾಲ್ಕಕ್ಷರದ ಹೆಸರಿನಲ್ಲಿ ಇಡೀ ಕಥೆ ಅಡಗಿದೆ. ಓದಿದವರಿಗೆ ವಿವರಣೆ ಬೇಕಿಲ್ಲ.

ಈ ಒಲವು ಕನ್ನಡಕ್ಕೆ ಹೊಸದೂ ಅಲ್ಲ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ, ಮನಸ್ಸು ಕೊಟ್ಟದ್ದು ಕರ್ಣನಿಗೆ. ಅದೇ ಶತಮಾನದ ರನ್ನ ಸತ್ಯಾಶ್ರಯನನ್ನು ಭೀಮನಾಗಿಸಿ ‘ಗದಾಯುದ್ಧ’ ಬರೆದ. ಓದುಗರ ನೆನಪಿನಲ್ಲಿ ಉಳಿದವನು ದುರ್ಯೋಧನ. ಏಕಲವ್ಯನಿಗಾಗಿ ಕುವೆಂಪು ‘ಬೆರಳ್‌ಗೆ ಕೊರಳ್’ ನಾಟಕ ಬರೆದರು. ಗೆದ್ದವರನ್ನು ಹೊಗಳುತ್ತಲೇ ಸೋತವರಿಗಾಗಿ ಮರುಗುವುದನ್ನು ಕನ್ನಡ ಸಾವಿರ ವರ್ಷದಿಂದ ಬಲ್ಲದು. ಇಂದಿನ ಹುಡುಗರು ತಿಳಿದೋ ತಿಳಿಯದೆಯೋ ಅದೇ ದಾರಿಯಲ್ಲಿದ್ದಾರೆ. ಹಾಗೆಯೇ, ಪುರಾಣದ ಹೆಸರು ಹೊತ್ತು ಬರೆಯುವುದಕ್ಕೂ ನಮ್ಮಲ್ಲಿ ಪರಂಪರೆಯಿದೆ. ಗದುಗಿನ ನಾರಣಪ್ಪ ಕುಮಾರವ್ಯಾಸನಾದ, ತೊರವೆಯ ನರಹರಿ ಕುಮಾರ ವಾಲ್ಮೀಕಿಯಾದ, ವಿ.ಕೃ. ಗೋಕಾಕರು ವಿನಾಯಕರಾದರು.

ವೇಷ ಮರೆಸೀತು, ಸ್ವಭಾವವಲ್ಲ

ಬದಲಿ ಹೆಸರಿನ ಗುಟ್ಟನ್ನು ಪಾಂಡವರ ಅಜ್ಞಾತವಾಸದಷ್ಟು ಚೆನ್ನಾಗಿ ಹೇಳುವ ಕಥೆ ನನಗೆ ಬೇರೆ ಕಂಡಿಲ್ಲ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯ ವಿರಾಟನೊಡನೆ ಪಗಡೆಯಾಡುವ ಕಂಕನಾದ. ಉಣ್ಣುವುದರಲ್ಲಿ ಎತ್ತಿದ ಕೈಯಾದ ಭೀಮ ಅಡುಗೆಮನೆ ಸೇರಿ ವಲಲನಾದ. ನಕುಲ ಕುದುರೆಗಳ ಬಳಿಗೆ, ಸಹದೇವ ದನಗಳ ಬಳಿಗೆ ಹೋದರು. ಅಡಗಿಕೊಳ್ಳಲೆಂದು ಇಟ್ಟುಕೊಂಡ ಹೆಸರಿನಲ್ಲೇ ಆಸೆ, ಅಭ್ಯಾಸ ಎಲ್ಲವೂ ಇಣುಕಿದವು. ಇವು ಸಾಲದೆಂಬಂತೆ ತಮ್ಮೊಳಗೆ ಮಾತ್ರ ಕರೆದುಕೊಳ್ಳಲು ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಐದು ಗುಪ್ತನಾಮಗಳೂ ಇದ್ದವು. ಮುಂದೆ ಕೀಚಕ ಸತ್ತ ಸುದ್ದಿ ಮುಟ್ಟಿದಾಗ, ಇದು ಭೀಮನದೇ ಕೈಯೆಂದು ಹಸ್ತಿನಾವತಿಯಲ್ಲಿ ಅನುಮಾನ ಮೂಡಿತೆಂದು ನಮ್ಮ ಗಮಕಿಗಳು, ಭಾಗವತರು ಹೇಳುತ್ತ ಬಂದಿದ್ದಾರೆ.

ಅದೇ ಅರಮನೆಯಲ್ಲಿ ದ್ರೌಪದಿ ಸೈರಂಧ್ರಿಯಾಗಿದ್ದಳು. ಐವರು ಗಂಧರ್ವರು ತನ್ನನ್ನು ಕಾಯುತ್ತಿದ್ದಾರೆ ಎಂದು ಮೊದಲೇ ಹೇಳಿದ್ದಳು. ಆದರೂ ಕೀಚಕನ ಕಾಟ ತಪ್ಪಲಿಲ್ಲ. ತುಂಬಿದ ಸಭೆಯಲ್ಲಿ ಅವನು ಒದ್ದಾಗ ದೊರೆ ಸುಮ್ಮನೆ ಕುಳಿತಿದ್ದ. ಇಂದು ಯಾಜ್ಞಸೇನಿ, ಚಾಮುಂಡಿ, ಕಾಳಿ ಎಂಬ ಹೆಸರುಗಳ ಹಿಂದೆ ನಿಂತು ಬರೆಯುವ ಹೆಣ್ಣುಮಕ್ಕಳಿಗೆ ಈ ಪ್ರಸಂಗ ಹೊಸದಾಗಿ ಹೇಳಬೇಕಾದ್ದಲ್ಲ. ಫೋಟೊ, ಊರು, ಮನೆತನದ ಹೆಸರು ಬಿಟ್ಟುಕೊಡದೆ ಮಾತಾಡುವ ಧೈರ್ಯವನ್ನು ಆ ಹೆಸರು ಕೊಡುತ್ತದೆ. ಇನ್‌ಬಾಕ್ಸ್‌ಗೆ ನುಗ್ಗುವ ಕೀಚಕರನ್ನು ತಡೆಯಲು ಹೆಸರೊಂದೇ ಸಾಲದು. ನೋಡುತ್ತ ಕೂತ ಸಭೆಯೂ ಬಾಯಿ ಬಿಡಬೇಕು.

ಹೆಸರಿಗೆ ತಕ್ಕ ಮಾತು

ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನು ಕಂಡವರಿಗೆ ಇನ್ನೊಂದು ಸಂಗತಿ ಗೊತ್ತು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ, ಶಾಲಿನಲ್ಲಿ ಕುಳಿತ ಅರ್ಥಧಾರಿ ಭಾಗವತರ ಪದ್ಯ ಮುಗಿದೊಡನೆ ‘ನಾನು ಕರ್ಣ’ ಎಂದು ಮಾತಿಗಿಳಿಯುತ್ತಾನೆ. ಅವನ ಕೈಯಲ್ಲಿರುವುದು ಒಂದು ಹೆಸರು, ಒಂದಿಷ್ಟು ಮಾತು. ಎದುರಿನ ಕೃಷ್ಣ ಎಷ್ಟೇ ಕೆಣಕಲಿ, ಕರ್ಣನ ಬಾಯಿಂದ ಕರ್ಣನಿಗೆ ಒಪ್ಪದ ಮಾತು ಬಂದರೆ ಸಭೆ ಸಹಿಸುವುದಿಲ್ಲ. ಮುಖ ಕಾಣದ ಜಾಲತಾಣದಲ್ಲಿ ನಮ್ಮ ಪಾಲಿಗಿರುವುದೂ ಅಷ್ಟೇ, ಹೆಸರು ಮತ್ತು ಮಾತು. ಆದರೆ ಎಷ್ಟೋ ಖಾತೆಗಳಲ್ಲಿ ಹೆಸರು ಕರ್ಣನದು, ಮಾತು ಕೀಚಕನದು. ದೇವರ ಹೆಸರು ಹೊತ್ತು ಕಂಡವರ ಮನೆಯ ಹೆಂಗಸರನ್ನು ಬಯ್ಯುವವರನ್ನು ಕಂಡಾಗ ನೋವಾಗುತ್ತದೆ.

ಹಾಗಾಗಿ ಹೊಸ ಖಾತೆ ತೆರೆಯುವ ಕಿರಿಯರಲ್ಲಿ ನನ್ನದೊಂದು ಕೋರಿಕೆ. ಪುರಾಣದ ಹೆಸರನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಸ್ವಂತ ಹೆಸರಿಗೆ ಹುಟ್ಟಿದ ವರ್ಷ ಸೇರಿಸಿ ಊರಿಗೆಲ್ಲ ಸಾರುವುದಕ್ಕಿಂತ ಅದು ಕ್ಷೇಮ. ಇಟ್ಟುಕೊಳ್ಳುವ ಮೊದಲು ಆ ಪಾತ್ರದ ಕಥೆಯನ್ನು ಒಮ್ಮೆ ಪೂರ್ತಿ ಓದಿ. ಅಶ್ವತ್ಥಾಮನ ಹಣೆಯ ಮಣಿಯ ಜೊತೆಗೆ, ಮಲಗಿದ್ದ ಮಕ್ಕಳನ್ನು ಅವನು ಕೊಂದದ್ದೂ ತಿಳಿದಿರಲಿ. ಆಮೇಲೆ ಏನನ್ನೇ ಬರೆಯಿರಿ, ಕಳಿಸುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ನಾನು ಹೊತ್ತ ಹೆಸರಿಗೆ ಈ ಮಾತು ಒಪ್ಪುತ್ತದೆಯೇ?